ಲೈಸೆನ್ಸ್ ಇಲ್ಲದ ಎರಡು ವರ್ಷ

ಮಣಿಪಾಲದ ಒಂದು ಕಾಲೇಜಿನವರು ಫೋನ್ ಮಾಡಿ, ಹಳೆಯ ರೇಡಿಯೋಗಳ ಪ್ರದರ್ಶನ ಇಟ್ಟುಕೊಂಡಿದ್ದೇವೆ, ಟ್ರಾನ್ಸಿಸ್ಟರ್ ರೇಡಿಯೋದ ಆರಂಭದ ಚರಿತ್ರೆಯ ಬಗ್ಗೆ ನೀವು ಅರ್ಧ ಗಂಟೆ ಮಾತಾಡಬೇಕು ಎಂದು ಕೇಳಿದಾಗ ಕೂಡಲೇ ಒಪ್ಪಿಕೊಂಡೆ. ಕಾರ್ಕಳದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸಿ ನಿವೃತ್ತಳಾದವಳು ನಾನು. ಅರ್ಧ ಗಂಟೆ ಮಾತಾಡುವುದು ನನಗೆ ದೊಡ್ಡ ಕೆಲಸವಲ್ಲ. ಆದರೆ ಅವರು ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು. ನಿಮ್ಮ ಊರಿನ ಕಡೆಯ ಒಂದೆರಡು ಹಳೆಯ ಸೆಟ್ಟುಗಳಿದ್ದರೆ ತನ್ನಿ, ಪ್ರತಿಯೊಂದರ ಪಕ್ಕದಲ್ಲಿ ಒಂದು ಚೀಟಿ ಇಡೋಣ. ಯಾರದು, ಎಲ್ಲಿಂದ ಬಂತು, ಯಾವಾಗ ಬಂತು, ಇಷ್ಟು ಬರೆದರೆ ಸಾಕು ಎಂದರು. ‘ಯಾವಾಗ ಬಂತು’ ಎಂಬ ಆ ಒಂದು ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಗೊತ್ತಿದ್ದ ಹಳೆಯ ಟ್ರಾನ್ಸಿಸ್ಟರ್‌ಗಳು ಎರಡು. ಒಂದು ಎರ್ಮಾಳಿನಲ್ಲಿರುವ ನನ್ನ ದೊಡ್ಡಮ್ಮನದು. ಅವರು ನನ್ನ ಅಮ್ಮನ ಅಕ್ಕ. ಇನ್ನೊಂದು ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಕೊಂಕಣಿ ಮಾತಿನ ಕ್ರೈಸ್ತ ಹೆಂಗಸೊಬ್ಬರದು. ಅವರನ್ನು ನಾವೆಲ್ಲ ಬಾಯಮ್ಮ ಎಂದು ಕರೆಯುವುದು. ದೊಡ್ಡಮ್ಮ ಮೀನು ಮಾರುತ್ತಿದ್ದವರು. ವಾರದಲ್ಲಿ ಮೂರು ದಿನ ಬುಟ್ಟಿ ಹೊತ್ತು ಕಾಪುವಿಗೆ ಬಂದು, ಅಲ್ಲಿಂದ ಒಳದಾರಿ ಹಿಡಿದು ಶಂಕರಪುರದ ತನಕ ನಡೆಯುತ್ತಿದ್ದರು. ಬಾಯಮ್ಮ ಅವರ ಕಾಯಂ ಗಿರಾಕಿ. ಹೋಗುವಾಗ ತಲೆಯ ಮೇಲೆ ಬಂಗುಡೆ, ಬರುವಾಗ ತಲೆಯಲ್ಲಿ ಮಲ್ಲಿಗೆ. ಹಾಗೆ ಬೆಳೆದ ಸ್ನೇಹ. ಈಗ ಇಬ್ಬರಿಗೂ ಎಂಬತ್ತು ದಾಟಿದೆ. ಸ್ನೇಹ ಹಾಗೆಯೇ ಉಂಟು. ಅದರ ಜೊತೆಗೆ ಒಂದು ಜಗಳವೂ ಹಾಗೆಯೇ ಉಂಟು. ಈ ಸೀಮೆಗೆ ಮೊದಲು ಬಂದ ಟ್ರಾನ್ಸಿಸ್ಟರ್ ಯಾರದು ಎಂಬುದೇ ಆ ಜಗಳ.

ನನ್ನ ಮಗಳ ಮದುವೆಯಲ್ಲಿ ಇಬ್ಬರೂ ಅಕ್ಕಪಕ್ಕ ಊಟಕ್ಕೆ ಕೂತು, ಪಾಯಸ ಬರುವ ತನಕ ಇದನ್ನೇ ಮಾತಾಡಿದ್ದಾರೆ. ಪ್ರತಿ ಸಲ ಗೆಲ್ಲುವುದು ಬಾಯಮ್ಮ. ಅವರ ಹತ್ತಿರ ದಾಖಲೆ ಉಂಟು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿನಲ್ಲಿ ಒಂದು ಪುಟ್ಟ ಪುಸ್ತಕ ಕೊಡುತ್ತಿದ್ದರು. ವರ್ಷ ವರ್ಷ ಅದರಲ್ಲಿ ಸ್ಟ್ಯಾಂಪ್ ಹಚ್ಚಿಸಿ ಸೀಲು ಹಾಕಿಸಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಅದು ರದ್ದಾಯಿತು. ಬಾಯಮ್ಮನ ಲೈಸೆನ್ಸ್ ಪುಸ್ತಕದಲ್ಲಿರುವ ಮೊದಲ ಸೀಲು ದೊಡ್ಡಮ್ಮನದಕ್ಕಿಂತ ಎರಡು ತಿಂಗಳು ಹಿಂದಿನದು. ಎರಡೇ ತಿಂಗಳು. ಬಾಯಮ್ಮ ಆ ಪುಸ್ತಕದ ಮಾತು ತೆಗೆದ ಕೂಡಲೇ ದೊಡ್ಡಮ್ಮ ಮಾತು ಬದಲಾಯಿಸುತ್ತಿದ್ದರು: ಮಳೆ, ಮೊಣಕಾಲು, ಬೂತಾಯಿ ಮೀನಿನ ಬೆಲೆ. ಮೀನಿನ ಮಾರುಕಟ್ಟೆಯಲ್ಲಿ ಯಾರಿಗೂ ಮಾತು ಬಿಟ್ಟುಕೊಡದ ಹೆಂಗಸು ಇಲ್ಲಿ ಮಾತ್ರ ಯಾಕೆ ತಲೆ ತಗ್ಗಿಸುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಆ ರೇಡಿಯೋ ತಂದದ್ದು ದೊಡ್ಡಪ್ಪ. ಅವರು ಬೊಂಬಾಯಿಯ ಬಂದರಿನಲ್ಲಿ ಕೆಲಸಕ್ಕಿದ್ದರು. ಮಳೆಗಾಲಕ್ಕೆ ಊರಿಗೆ ಬರುವಾಗ ಒಂದು ಸಲ ಲುಂಗಿಯಲ್ಲಿ ಸುತ್ತಿ ತಂದ ಜಪಾನಿನ ಸೆಟ್ಟು. ಕಂದು ಬಣ್ಣದ ಚರ್ಮದ ಚೀಲ, ಮುಂದೆ ಸಾಲಾಗಿ ತೂತುಗಳು, ಹೊರಲು ಒಂದು ಪಟ್ಟಿ, ಎಳೆದರೆ ಉದ್ದವಾಗುವ ಏರಿಯಲ್ ಕಡ್ಡಿ. ಮೂತಿಯ ಮೇಲೆ ಆರು ಟ್ರಾನ್ಸಿಸ್ಟರ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದು ನಾನು ಹುಟ್ಟುವ ಮೊದಲೇ ಬಂದದ್ದು ಎನ್ನುವುದು ದೊಡ್ಡಮ್ಮನ ಕೈಯಲ್ಲಿದ್ದ ಒಂದೇ ಸಾಕ್ಷಿ. ಆದರೆ ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ನಮ್ಮ ಮನೆಯಲ್ಲಿ ಹೇಳುವುದು, ರೇಡಿಯೋ ಬಂದ ಮುಂದಿನ ವರ್ಷ ಎಂದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ನನ್ನ ಎತ್ತರ ನೋಡಿ ಒಂದು ಜನ್ಮದಿನಾಂಕ ಬರೆದುಕೊಂಡರು. ನಮ್ಮ ತರಗತಿಯ ಅರ್ಧಕ್ಕರ್ಧ ಮಕ್ಕಳು ಹಾಗೆ ಜೂನ್ ಒಂದನೇ ತಾರೀಕು ಹುಟ್ಟಿದವರು. ಅಂಥ ತಾರೀಕಿನಿಂದ ರೇಡಿಯೋದ ವಯಸ್ಸು ಕಂಡುಹಿಡಿಯಲಾದೀತೇ?

ಊರಿನಲ್ಲಿ ಅದಕ್ಕಿಂತ ಮೊದಲು ರೇಡಿಯೋ ಇರಲಿಲ್ಲವೆಂದಲ್ಲ. ಊರಿನ ಜಮೀನ್ದಾರರ ಗುತ್ತಿನ ಮನೆಯಲ್ಲಿ ಒಂದಿತ್ತು, ಕಾಪುವಿನ ಒಂದು ಹೋಟೆಲಿನಲ್ಲಿ ಒಂದಿತ್ತು. ಪೆಟ್ಟಿಗೆಯಷ್ಟು ದೊಡ್ಡದು. ಒಳಗೆ ಗಾಜಿನ ವಾಲ್ವುಗಳು. ಅವು ಕಾದು ಕೆಂಪಾದ ಮೇಲೆಯೇ ದನಿ ಬರುವುದು. ಮಾಡಿನ ಮೇಲೆ ಎರಡು ಕಂಬ ನೆಟ್ಟು ನಡುವೆ ತಂತಿ ಕಟ್ಟಬೇಕು. ಅದು ಇದ್ದಲ್ಲಿಗೆ ನಾವು ಹೋಗಬೇಕು, ಅಂಗಳದಲ್ಲಿ ನಿಂತು ಕೇಳಬೇಕು. ದೊಡ್ಡಮ್ಮನ ರೇಡಿಯೋ ಹಾಗಲ್ಲ. ಅದು ದೊಡ್ಡಮ್ಮ ಹೋದಲ್ಲಿಗೆ ಹೋಯಿತು.

ಹೇಗೆಂದರೆ, ಮೀನಿನ ಬುಟ್ಟಿಯಲ್ಲಿ. ಕೆಳಗೆ ಮೀನು, ಅದರ ಮೇಲೆ ಅಡಿಕೆ ಹಾಳೆ, ಹಾಳೆಯ ಮೇಲೆ ಮಡಚಿದ ಗೋಣಿ, ಅದರ ಮೇಲೆ ರೇಡಿಯೋ ಎದ್ದು ಕೂತಿರುತ್ತಿತ್ತು. ಬುಟ್ಟಿಯಿಂದ ಮೇಲಕ್ಕೆ ಏರಿಯಲ್ ಕಡ್ಡಿ. ದೂರದಿಂದ ನೋಡಿದರೆ ದೊಡ್ಡಮ್ಮನ ತಲೆಯಿಂದ ಕೊಂಬು ಹುಟ್ಟಿದ ಹಾಗೆ. ಬೆಳಿಗ್ಗೆ ಸಿಲೋನಿನಿಂದ ಹಿಂದಿ ಹಾಡು ಬರುತ್ತಿತ್ತು. ಉಳಿದ ಮೀನಿನ ಹೆಂಗಸರು ಗಿರಾಕಿಗಳನ್ನು ಕೂಗಿ ಕರೆಯಬೇಕಾಗಿತ್ತು. ದೊಡ್ಡಮ್ಮ ಬಾಯಿ ತೆರೆಯಬೇಕಾಗಿರಲಿಲ್ಲ. ಹಾಡು ಕೇಳಿದ ಕೂಡಲೇ ಮನೆಮನೆಯವರು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಬೂತಾಯಿ ಬಂತು ಎಂಬ ಅರ್ಥ ಎಲ್ಲರಿಗೂ ಗೊತ್ತಿತ್ತು. ಆ ಚರ್ಮದ ಚೀಲದಲ್ಲಿ ಇವತ್ತಿಗೂ ಮೀನಿನ ವಾಸನೆ ಉಂಟು. ಮೊನ್ನೆ ಹಿಂದಿನ ಮುಚ್ಚಳ ತೆಗೆದಾಗ ಸರ್ಕ್ಯೂಟಿನ ಹಲಗೆಗೆ ಎರಡು ಮೀನಿನ ಚಿಪ್ಪು ಅಂಟಿಕೊಂಡಿತ್ತು.

ಈ ರೇಡಿಯೋದಿಂದಲೇ ನಾನು ಫಿಸಿಕ್ಸ್ ಕಲಿತದ್ದು ಎಂದರೆ ಸುಳ್ಳಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಮಂಗಳೂರಿನಲ್ಲಿ ರೇಡಿಯೋ ನಿಲಯ ಬಂದಿತ್ತು. ನಮಗೆ ಅದು ದಕ್ಷಿಣ ದಿಕ್ಕು. ರಜೆಯಲ್ಲಿ ನಾನೂ ದೊಡ್ಡಮ್ಮನ ಜೊತೆ ಒಂದು ಸಣ್ಣ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಎರ್ಮಾಳಿನಿಂದ ಕಾಪುವಿನ ಕಡೆಗೆ, ಅಂದರೆ ಉತ್ತರಕ್ಕೆ ನಡೆಯುವಷ್ಟು ಹೊತ್ತು ದನಿ ಸ್ಪಷ್ಟ. ಕಾಪುವಿನಲ್ಲಿ ಪೂರ್ವಕ್ಕೆ ತಿರುಗಿದ ಕೂಡಲೇ ದನಿ ಇಳಿದು ಹೋಗುತ್ತಿತ್ತು. ದೊಡ್ಡಮ್ಮ ನಡೆಯುತ್ತಲೇ ಕೈ ಮೇಲೆತ್ತಿ ಬುಟ್ಟಿಯಲ್ಲಿದ್ದ ರೇಡಿಯೋವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಮತ್ತೆ ದನಿ ಬರುತ್ತಿತ್ತು. ಅದಕ್ಕೆ ಅವರದೇ ಒಂದು ನಿಯಮ ಇತ್ತು. ಅವರು ಆಡುವುದು ತುಳು, ನಾನು ಕನ್ನಡದಲ್ಲಿ ಹೇಳುತ್ತೇನೆ: ರೇಡಿಯೋ ಕಡಲಿಗೆ ಬೆನ್ನು ಹಾಕಬಾರದು, ಕಡಲನ್ನು ದುರುಗುಟ್ಟಿ ನೋಡಲೂ ಬಾರದು, ಕಡಲಿಗೆ ಹೆಗಲು ಕೊಟ್ಟು ಕೂರಬೇಕು.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಮಾಡಿದವರು ಯಾರೂ ಇಲ್ಲ. ಅಪ್ಪನ ಕಡೆಯಲ್ಲೂ ಇಲ್ಲ, ಅಮ್ಮನ ಕಡೆಯಲ್ಲೂ ಇಲ್ಲ. ಉಡುಪಿಯ ಕಾಲೇಜಿಗೆ ನಾನು ಹೋದದ್ದು ದಿನಕ್ಕೆ ಎರಡು ಬಸ್ಸು ಬದಲಾಯಿಸಿ, ಬೆಳಿಗ್ಗೆ ಮೀನು ಒಣಗಲು ಹಾಕಿ, ಕೈಯನ್ನು ಮೂರು ಸಲ ಸಾಬೂನಿನಲ್ಲಿ ತೊಳೆದುಕೊಂಡು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ತಿರುಗಿಸಿದ್ದೂ ಉಂಟು. ಎರಡನೆಯ ವರ್ಷದ ಬಿಎಸ್ಸಿಯಲ್ಲಿ ಒಂದು ದಿನ ಮೇಷ್ಟ್ರು ಹಲಗೆಯ ಮೇಲೆ ಟ್ರಾನ್ಸಿಸ್ಟರ್ ರೇಡಿಯೋದ ಚಿತ್ರ ಬರೆದು, ಒಳಗೆ ಉದ್ದಕ್ಕೆ ಮಲಗಿರುವ ಒಂದು ಕಪ್ಪು ಕಡ್ಡಿ ತೋರಿಸಿದರು. ಇದು ಫೆರೈಟ್ ಕಡ್ಡಿ, ಇದರ ಸುತ್ತ ತಂತಿ ಸುತ್ತಿರುತ್ತದೆ, ಒಳಗಿನ ಏರಿಯಲ್ ಇದುವೇ. ಕಡ್ಡಿಯ ತುದಿ ನಿಲಯದ ಕಡೆಗೆ ತಿರುಗಿದರೆ ದನಿ ಏಳುವುದಿಲ್ಲ, ಅಡ್ಡಕ್ಕೆ ನಿಂತರೆ ಚೆನ್ನಾಗಿ ಬರುತ್ತದೆ ಎಂದರು. ನಿಲಯ ದಕ್ಷಿಣಕ್ಕೆ, ಕಡಲು ಪಶ್ಚಿಮಕ್ಕೆ. ಕಡ್ಡಿ ಅಡ್ಡಕ್ಕೆ ಇರಬೇಕಾದರೆ ರೇಡಿಯೋ ಕಡಲಿಗೆ ಹೆಗಲು ಕೊಡಲೇಬೇಕು. ಕೈ ಎತ್ತಿ ದೊಡ್ಡಮ್ಮನ ನಿಯಮವನ್ನು ಹೇಳಿದೆ. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅದನ್ನು ಹೇಳಿದವರು ಯಾರು, ಎಲ್ಲಿ ಕಲಿತದ್ದು ಎಂದು ಕೇಳಿದರು. ಮೀನು ಮಾರುವಾಗ ಕಲಿತದ್ದು ಎಂದೆ. ಆ ದಿನದಿಂದ ಬಸ್ಸಿನಲ್ಲಿ ಯಾರು ಮೂಗು ತಿರುಗಿಸಿದರೂ ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಪ್ರದರ್ಶನದ ವಿಷಯ ಹೇಳಲು ಎರ್ಮಾಳಿಗೆ ಹೋದೆ. ದೊಡ್ಡಮ್ಮ ಈಗ ಇರುವುದು ಮಗನ ಮನೆಯಲ್ಲಿ, ಐದು ಮೊಮ್ಮಕ್ಕಳ ಗಲಾಟೆಯ ನಡುವೆ. ರೇಡಿಯೋ ಮಣಿಪಾಲಕ್ಕೆ ಹೋಗುತ್ತದೆ ಎಂದು ಕೇಳಿ ಅವರಿಗೆ ಆದ ಸಂತೋಷ ನೋಡಬೇಕಿತ್ತು. ಅದಕ್ಕೆ ಹೊಸ ಸೆಲ್ ಹಾಕಬೇಕು, ಪಟ್ಟಿಗೆ ಎಣ್ಣೆ ಹಚ್ಚಬೇಕು ಎಂದು ಆಗಲೇ ಸೊಸೆಗೆ ಆಜ್ಞೆ ಆಯಿತು. ನಾನು ಕಾಗದ ಪೆನ್ನು ತೆಗೆದು, ಚೀಟಿಗೆ ಬರೆಯಬೇಕು, ಯಾವ ವರ್ಷ ಬಂತು ಎಂದು ಕೇಳಿದೆ. ಮೊಮ್ಮಕ್ಕಳನ್ನೆಲ್ಲ ಅಂಗಳಕ್ಕೆ ಓಡಿಸಿದರು. ಸೊಸೆಯನ್ನು ಚಾ ಮಾಡಲು ಕಳಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

‘ಮಗಾ, ಅದಕ್ಕೆ ಎರಡು ವರ್ಷ ಲೈಸೆನ್ಸ್ ಇರಲಿಲ್ಲ.’

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಲೈಸೆನ್ಸ್ ಎಂಬುದು ಮಾಡಿನ ಮೇಲಿನ ತಂತಿಗೆ ಎಂದು ಅವರು ತಿಳಿದಿದ್ದರು. ಗುತ್ತಿನ ಮನೆಯಲ್ಲಿ ತಂತಿ ಇತ್ತು, ಹೋಟೆಲಿನಲ್ಲಿ ತಂತಿ ಇತ್ತು, ಅವರಿಗೆ ಲೈಸೆನ್ಸೂ ಇತ್ತು. ತನ್ನ ರೇಡಿಯೋಕ್ಕೆ ತಂತಿಯೇ ಇಲ್ಲ.

‘ಮಷೀನು ದೋಣಿಗೆ ನಂಬರ್ ಉಂಟು. ಮೀನಿನ ಬುಟ್ಟಿಗೆ ಯಾರಾದರೂ ನಂಬರ್ ಬರೆಸುತ್ತಾರಾ? ಬುಟ್ಟಿಯಲ್ಲಿ ಕೂತು ಬರುವ ರೇಡಿಯೋಕ್ಕೆ ಎಂತ ಲೈಸೆನ್ಸ್ ಅಂತ ನಾನು.’

ಹೀಗೆ ಎರಡು ವರ್ಷ ಎಲ್ಲರ ಕಣ್ಣೆದುರೇ, ಪೋಸ್ಟ್ ಆಫೀಸಿನ ಮುಂದೆಯೇ, ಹಾಡು ಹಾಕಿಕೊಂಡು ನಡೆದರು. ಆಮೇಲೆ ಒಂದು ದಿನ, ಲೈಸೆನ್ಸ್ ಇಲ್ಲದ ರೇಡಿಯೋವನ್ನು ಇನ್ಸ್‌ಪೆಕ್ಟರು ಹೊತ್ತುಕೊಂಡು ಹೋಗುತ್ತಾರೆ, ಕೈಯಲ್ಲಿ ಹಿಡಿಯುವ ರೇಡಿಯೋವನ್ನೂ ಬಿಡುವುದಿಲ್ಲ ಎಂದು ಯಾರೋ ಹೇಳಿದರು. ದೊಡ್ಡಮ್ಮ ಆ ದಿನ ರೇಡಿಯೋವನ್ನು ಗೋಣಿಯ ಮೇಲಿನಿಂದ ತೆಗೆದು ಹಾಳೆಯ ಕೆಳಗೆ, ಬಂಗುಡೆಯ ನಡುವೆ ಹುಗಿದರು. ಒಂದು ತಿಂಗಳು ಅದು ಉಸಿರೆತ್ತಲಿಲ್ಲ. ಹಾಡು ಕೇಳದೆ ಗಿರಾಕಿಗಳು ಮೀನು ಬರಲಿಲ್ಲವೆಂದೇ ತಿಳಿದು ಒಳಗೆ ಕೂತರು. ಕೊನೆಗೆ ತಡೆಯಲಾರದೆ ಪೋಸ್ಟ್ ಆಫೀಸಿಗೆ ಹೋದರು. ರೇಡಿಯೋ ಯಾವಾಗ ಬಂತು ಎಂದು ಫಾರ್ಮಿನಲ್ಲಿ ಪ್ರಶ್ನೆ ಇತ್ತಂತೆ. ಈ ತಿಂಗಳು ಎಂದು ಹೇಳಿ ಹೆಬ್ಬೆಟ್ಟು ಒತ್ತಿ ಬಂದರು. ಅದಕ್ಕೆ ಎರಡು ತಿಂಗಳು ಮೊದಲು ಬಾಯಮ್ಮ ತನ್ನ ಹೊಸ ರೇಡಿಯೋಕ್ಕೆ ಲೈಸೆನ್ಸ್ ಮಾಡಿಸಿಕೊಂಡಾಗಿತ್ತು.

‘ಜೀವಮಾನದಲ್ಲಿ ನಿನ್ನೆಯ ಮೀನನ್ನು ಇವತ್ತಿನದು ಅಂತ ಮಾರಿದವಳಲ್ಲ ನಾನು,’ ಎಂದರು. ‘ಹೆಬ್ಬೆಟ್ಟು ಒತ್ತಿ ಹೇಳಿದ ಸುಳ್ಳು ಅದೊಂದೇ. ಈಗ ನಿಜ ಬರೆಸಿದರೆ ನಾನು ಸುಳ್ಳಿ ಅಂತ ಆಗ್ತದೆ. ಬರೆಸದಿದ್ದರೆ ನನ್ನ ರೇಡಿಯೋ ಎರಡನೆಯದ್ದು ಅಂತಲೇ ಉಳೀತದೆ. ನೀನು ಕಲಿತವಳಲ್ವಾ, ಹೇಳು.’

ಆ ಕಾನೂನೇ ಈಗ ಇಲ್ಲ, ಯಾರೂ ಏನೂ ಮಾಡುವುದಿಲ್ಲ ಎಂದೆ. ಅವರು ನನ್ನನ್ನು ಒಂದು ನಮೂನೆ ನೋಡಿದರು. ಕಾನೂನು ಹೋಯಿತು, ಹೆಬ್ಬೆಟ್ಟು ಎಲ್ಲಿಗೆ ಹೋಗ್ತದೆ ಎಂದು ಕೇಳಿದರು. ವರ್ಷದ ಜಾಗ ಖಾಲಿ ಬಿಟ್ಟು ಚೀಟಿಯನ್ನೂ ರೇಡಿಯೋವನ್ನೂ ತೆಗೆದುಕೊಂಡು ಬಂದೆ.

ಫಿಸಿಕ್ಸ್‌ನಿಂದಾದರೂ ಏನಾದರೂ ಸಾಬೀತು ಮಾಡಬಹುದೋ ಎಂದು ನೋಡಿದೆ. ಬಾಯಮ್ಮನ ಸೆಟ್ಟನ್ನೂ ತರಿಸಿಕೊಂಡು ಎರಡನ್ನೂ ಬಿಚ್ಚಿದೆ. ಎರಡರಲ್ಲೂ ಇದ್ದದ್ದು ಜರ್ಮೇನಿಯಂನ ಟ್ರಾನ್ಸಿಸ್ಟರ್‌ಗಳೇ. ಸಿಲಿಕಾನ್ ಬರುವ ಮೊದಲು ಎಲ್ಲ ಕಡೆ ಅದನ್ನೇ ಬಳಸುತ್ತಿದ್ದರು. ಅದರಿಂದ ಒಂದೆರಡು ವರ್ಷದ ವ್ಯತ್ಯಾಸ ಹೇಳಲು ಬರುವುದಿಲ್ಲ. ಬೇರೆ ಒಂದು ವಿಷಯ ಮಾತ್ರ ಸಿಕ್ಕಿತು. ಬಾಯಮ್ಮನ ಸೆಟ್ಟಿನ ಮೇಲೆ ಎಂಟು ಟ್ರಾನ್ಸಿಸ್ಟರ್ ಎಂದು ಬರೆದಿತ್ತು. ಆ ಕಾಲದಲ್ಲಿ ಜನ ಟ್ರಾನ್ಸಿಸ್ಟರ್ ಎಣಿಸಿ ರೇಡಿಯೋ ಕೊಳ್ಳುತ್ತಿದ್ದರು. ಹಾಗಾಗಿ ಕೆಲವು ತಯಾರಕರು ಬೋರ್ಡಿನ ಮೇಲೆ ಕೆಲಸವಿಲ್ಲದ ಟ್ರಾನ್ಸಿಸ್ಟರ್‌ಗಳನ್ನೂ ಕೂರಿಸುತ್ತಿದ್ದರು. ಬಾಯಮ್ಮನ ಎಂಟರಲ್ಲಿ ಎರಡು ಅಂಥವು, ಸುಮ್ಮನೆ ಸಂಬಳ ತೆಗೆದುಕೊಳ್ಳುವವು. ಇದನ್ನು ದೊಡ್ಡಮ್ಮನಿಗೆ ಹೇಳಿದರೆ ಇನ್ನೊಂದು ಅರುವತ್ತು ವರ್ಷಕ್ಕೆ ಜಗಳ ಆದೀತೆಂದು ಬಾಯಿ ಮುಚ್ಚಿಕೊಂಡೆ.

ಐದು ದಿನ ಕಳೆದು ದೊಡ್ಡಮ್ಮನ ಫೋನ್ ಬಂತು. ಪೋಸ್ಟ್ ಆಫೀಸಿಗೆ ಹೋಗುವ, ರಿಕ್ಷಾ ತೆಗೆದುಕೊಂಡು ಬಾ ಎಂದರು. ಸುಳ್ಳು ಹೇಳಿದ್ದು ಅಲ್ಲಿ, ಮೊದಲು ಅಲ್ಲಿ ಸರಿ ಮಾಡಬೇಕು. ಆಮೇಲೆ ಬಾಯಮ್ಮ, ಆಮೇಲೆ ಮಣಿಪಾಲ. ಮದುವೆಗೆ ಉಡುವ ಸೀರೆ ಉಟ್ಟು ತಯಾರಾಗಿ ಕೂತಿದ್ದರು. ಲೈಸೆನ್ಸ್ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿತ್ತು.

ಕಾಪುವಿನ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಇದ್ದದ್ದು ಬಾಗಲಕೋಟೆ ಕಡೆಯ ತರುಣ. ದೊಡ್ಡಮ್ಮ ತುಳುವಿನಲ್ಲಿ ಶುರು ಮಾಡಿದರು, ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಶಾಲೆಯ ಪಾಠ ಒಪ್ಪಿಸುವ ಹಾಗೆ ಬಿಡಿಬಿಡಿಯಾಗಿ ಕನ್ನಡದಲ್ಲಿ ಹೇಳಿದರು. ನಾನು ಎರಡು ವರ್ಷ ಲೈಸೆನ್ಸ್ ಇಲ್ಲದೆ ರೇಡಿಯೋ ಕೇಳಿದ್ದೇನೆ, ಫಾರ್ಮಿನಲ್ಲಿ ಸುಳ್ಳು ಹೇಳಿದ್ದೇನೆ, ಬರೆದುಕೊಳ್ಳಿ. ಅವನು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಂಥದ್ದೊಂದು ಇತ್ತೆಂದೇ ಅವನಿಗೆ ಗೊತ್ತಿರಲಿಲ್ಲ.

‘ಅಜ್ಜಿ, ಈ ಕಾಯ್ದೆ ನಾ ಹುಟ್ಟೋಕಿಂತ ಮೊದಲ ಹೋಗೇತ್ರಿ. ಎದರಾಗ ಬರ್ಕೊಳ್ಳಲಿ? ಇದಕ್ಕ ಕಾಲಮ್ಮ ಇಲ್ಲ.’

‘ಕಾಲಂ ಇಲ್ಲದಿದ್ದರೆ ಬದಿಯಲ್ಲಿ ಬರೆಯಿರಿ. ಜಾಗ ಉಂಟಲ್ಲ.’

ನಮ್ಮ ಹಿಂದೆ ಪಾರ್ಸೆಲ್ ಹಿಡಿದು ನಿಂತಿದ್ದವರು ಇಣುಕತೊಡಗಿದರು. ಗದರಿಸಿ ಕಳಿಸಬಹುದಿತ್ತು ಅವನು. ಕಳಿಸಲಿಲ್ಲ. ಸ್ವಲ್ಪ ಯೋಚಿಸಿ, ಅಜ್ಜಿ ಇದನ್ನು ಕೊನೆಗೆ ಯಾರಿಗೆ ತಿಳಿಸಬೇಕು ಎಂದು ನನ್ನನ್ನು ಕೇಳಿದ. ಶಂಕರಪುರದ ಒಬ್ಬರಿಗೆ ಎಂದೆ. ಹಾಗಾದರೆ ಒಂದು ಕಾರ್ಡು ಬರೆಯಿರಿ, ಇಲ್ಲೇ ಕೊಡಿ, ಅದರ ಮೇಲೆ ನಮ್ಮ ಆಫೀಸಿನ ಸೀಲು, ಇವತ್ತಿನ ತಾರೀಕು ಬೀಳುತ್ತದೆ, ಅಜ್ಜಿ ನಮಗೆ ಹೇಳಿದ ಹಾಗೂ ಆಯಿತು, ಅವರಿಗೆ ತಿಳಿಸಿದ ಹಾಗೂ ಆಯಿತು ಎಂದ. ದೊಡ್ಡಮ್ಮನಿಗೆ ಇದು ಒಪ್ಪಿಗೆಯಾಯಿತು. ಅಂಟು ಹಚ್ಚುವ ಮೇಜಿನ ಬಳಿ ನಿಂತು ಅವರು ಹೇಳಿದ್ದನ್ನು ನಾನು ಬರೆದೆ.

‘ಬಾಯಮ್ಮನಿಗೆ ನಮಸ್ಕಾರ. ನನ್ನ ಟ್ರಾನ್ಸಿಸ್ಟರ್ ನಿನ್ನದಕ್ಕಿಂತ ಎರಡು ವರ್ಷ ಮೊದಲು ಬಂದದ್ದು. ಆಗ ಲೈಸೆನ್ಸ್ ಮಾಡಿಸಿರಲಿಲ್ಲ. ಆಮೇಲೆ ಹೊಸತು ಅಂತ ಹೇಳಿ ಮಾಡಿಸಿದ್ದು. ಅದು ಸುಳ್ಳು. ಪೋಸ್ಟ್ ಆಫೀಸಿನಲ್ಲಿ ಹೇಳಿ ಆಗಿದೆ. ನಿನ್ನ ಮೊಣಕಾಲು ಹೇಗೆ ಉಂಟು?’

ಸಹಿ ಹಾಕಿ ಎಂದೆ. ನಾನು ಬಿಎಸ್ಸಿಯಲ್ಲಿದ್ದಾಗ ಅವರಿಗೆ ಸಹಿ ಹಾಕಲು ಕಲಿಸಿದ್ದೆ. ಬ್ಯಾಂಕಿನಲ್ಲಿ ಈಗಲೂ ಸಹಿಯೇ. ಅವರು ಬೇಡವೆಂದರು. ಆ ಸುಳ್ಳಿಗೆ ಹೆಬ್ಬೆಟ್ಟು ಒತ್ತಿದ್ದು, ಇದಕ್ಕೂ ಹೆಬ್ಬೆಟ್ಟೇ ಆಗಬೇಕು. ತರುಣ ಕೌಂಟರಿನ ಕಿಂಡಿಯಿಂದ ಮಸಿಯ ಪ್ಯಾಡ್ ದೂಡಿದ. ಕಾರ್ಡು ಕೈಗೆ ಬಂದ ಮೇಲೆ ಅವನು ಅದನ್ನು ಪೂರ್ತಿ ಓದಿದ, ನಗು ತಡೆದುಕೊಂಡ, ಸೀಲನ್ನು ಬಾಯಿಯ ಹತ್ತಿರ ತಂದು ಊದಿ ಎರಡು ಸಲ ಕುಟ್ಟಿದ. ಮನೆಗೆ ಬರುವಾಗ ದಾರಿಯುದ್ದಕ್ಕೂ ದೊಡ್ಡಮ್ಮ ಕಪ್ಪಾದ ಹೆಬ್ಬೆರಳನ್ನು ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡಿದ್ದರು. ಬಾಯಮ್ಮ ಇನ್ನು ತನ್ನ ಕೈಯ ಮೀನು ಮುಟ್ಟಲಿಕ್ಕಿಲ್ಲ ಎಂದು ಒಂದು ಸಲ ಹೇಳಿದರು. ಅವರು ಮೀನು ಮಾರುವುದು ಬಿಟ್ಟು ಹದಿನೈದು ವರ್ಷ ಆಗಿತ್ತು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಬಾಯಮ್ಮನನ್ನು ಕರೆಯಲು ಶಂಕರಪುರಕ್ಕೆ ಹೋದೆ. ಚಾವಡಿಯಲ್ಲಿ ಸೊಸೆಯ ಜೊತೆ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ, ನನ್ನನ್ನು ಕಂಡದ್ದೇ ಗದ್ದದಿಂದ ಕಿಟಕಿಯ ಕಡೆಗೆ ತೋರಿಸಿದರು. ಕಾರ್ಡು ಸರಳಿಗೆ ಸಿಕ್ಕಿಸಿಟ್ಟಿತ್ತು. ದೊಡ್ಡಮ್ಮನ ಪರವಾಗಿ ಮಾತಾಡಲು ನಾನು ದಾರಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಅದಕ್ಕೆ ಅವಕಾಶವೇ ಆಗಲಿಲ್ಲ.

‘ಟೀಚರೇ, ಅವಳದ್ದೇ ಮೊದಲು ಅಂತ ನನಗೆ ಗೊತ್ತಿಲ್ಲವಾ?’ ಎಂದರು ಬಾಯಮ್ಮ. ‘ಎರಡು ವರ್ಷ ಆ ಹಾಡು ಕೇಳಿಯೇ ನಾನು ಮೀನು ತೆಗೆದುಕೊಂಡದ್ದು. ಅವಳ ಬುಟ್ಟಿಯಲ್ಲಿ ಉಂಟು, ನನಗೂ ಬೇಕು ಅಂತ ಬೊಂಬಾಯಿಯಲ್ಲಿದ್ದ ಅಣ್ಣನಿಗೆ ಕಾಗದ ಬರೆದದ್ದು.’

ಹಾಗಾದರೆ ಇಷ್ಟು ವರ್ಷ ತನ್ನದೇ ಮೊದಲು ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವರು ಹೇಳಿದ ಕತೆ ಇದು. ದೊಡ್ಡಮ್ಮ ಲೈಸೆನ್ಸ್ ಮಾಡಿಸಿದ ಮರುವಾರ ಪೋಸ್ಟ್‌ಮ್ಯಾನ್ ಬಾಯಮ್ಮನ ಅಂಗಳಕ್ಕೆ ಬಂದು, ಆ ಮೀನಿನವರ ರೇಡಿಯೋ ನಾನು ತುಂಬ ಸಮಯದಿಂದ ನೋಡಿದ ಹಾಗೆ ಉಂಟಲ್ಲ, ಹೊಸತು ಎಂದು ಬರೆಸಿದ್ದಾರೆ, ನಿಮಗೆ ಗೊತ್ತುಂಟಾ ಎಂದು ಕೇಳಿದ. ಬಾಯಮ್ಮ ಎದೆಗೆ ಕೈಯಿಟ್ಟು, ಈ ಊರಿಗೆ ಮೊದಲು ಬಂದದ್ದು ನನ್ನ ರೇಡಿಯೋ, ಅವಳು ನನ್ನದನ್ನು ನೋಡಿ ಆಮೇಲೆ ತಂದದ್ದು ಎಂದುಬಿಟ್ಟರು. ಪೋಸ್ಟ್‌ಮ್ಯಾನ್ ಹೋದ. ಒಮ್ಮೆ ಹೇಳಿದ ಮೇಲೆ ಬದಲಾಯಿಸುವುದು ಹೇಗೆ? ಹಾಗೆಯೇ ಹೇಳುತ್ತ ಬಂದರು. ಹೇಳಿ ಹೇಳಿ, ದೊಡ್ಡಮ್ಮನನ್ನು ರೇಗಿಸುವುದರಲ್ಲಿ ಅವರಿಗೆ ರುಚಿಯೂ ಹತ್ತಿತು.

‘ನಾನು ಆ ಭಾನುವಾರವೇ ಇಗರ್ಜಿಯಲ್ಲಿ ಪಾದ್ರಿಗಳ ಹತ್ತಿರ ಹೇಳಿ ಮುಗಿಸ್ದೆ,’ ಎಂದರು ಗಂಟು ಬಿಗಿಯುತ್ತ. ‘ಪಾಪ, ಅವಳಿಗೆ ಅದಕ್ಕೆ ಪೋಸ್ಟ್ ಆಫೀಸಿಗೆ ಹೋಗಬೇಕಾಯ್ತು ನೋಡಿ.’

ಸೊಸೆ ನಗು ತಡೆಯಲಾರದೆ ಎದ್ದು ಒಳಗೆ ಹೋದಳು. ಬಾಯಮ್ಮ ನನ್ನಿಂದ ಒಂದು ಮಾತು ತೆಗೆದುಕೊಂಡರು: ಇದನ್ನು ದೊಡ್ಡಮ್ಮನಿಗೆ ನೀವು ಹೇಳಬಾರದು, ನಾನೇ ಹೇಳುವುದು.

ಮಣಿಪಾಲದ ಆ ಸಭಾಂಗಣದಲ್ಲಿ ಗೋಡೆಯುದ್ದಕ್ಕೂ ಮೇಜುಗಳು, ಮೇಜುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ರೇಡಿಯೋಗಳು. ನಮ್ಮ ಎರಡು ಸೆಟ್ಟುಗಳನ್ನು ಅಕ್ಕಪಕ್ಕ ಇಟ್ಟಿದ್ದರು. ದೊಡ್ಡಮ್ಮ ಸೊಸೆಯ ಕೈ ಹಿಡಿದು ಬಂದರು. ಬಾಯಮ್ಮನನ್ನು ಕಂಡು ಅಲ್ಲಿಯೇ ನಿಂತುಬಿಟ್ಟರು. ಮೀನಿನ ಬುಟ್ಟಿ ಹೊತ್ತು ಎರಡು ಊರು ದಾಟುತ್ತಿದ್ದ ಹೆಂಗಸಿಗೆ ಆ ಹತ್ತು ಹೆಜ್ಜೆ ನಡೆಯಲು ಆಗಲಿಲ್ಲ. ನಡೆದವರು ಬಾಯಮ್ಮ. ಹತ್ತಿರ ಬಂದು ಕಿವಿಯಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಆದರೆ ಸ್ವಲ್ಪ ಉದ್ದದ್ದೇ ಹೇಳಿದರು. ದೊಡ್ಡಮ್ಮನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪೇರಿತು, ಆಮೇಲೆ ಅವರು ಬಾಯಮ್ಮನ ತೋಳಿಗೆ ಸರಿಯಾಗಿ ಒಂದು ಕೊಟ್ಟರು.

‘ಗೊತ್ತಿದ್ದೂ ನನ್ನನ್ನು ಇಷ್ಟು ವರ್ಷ ಆಟ ಆಡಿಸಿದ್ದಾ ಮಾರಾಯ್ತಿ?’

‘ನೀನು ಬಾಯಿ ಬಿಡಲಿ ಅಂತ ಕಾದದ್ದು. ಅದಕ್ಕೆ ನಿನಗೆ ಇಷ್ಟು ವರ್ಷ ಬೇಕು ಅಂತ ಯಾರಿಗೆ ಗೊತ್ತು?’

ಇಬ್ಬರೂ ಮೊದಲ ಸಾಲಿನಲ್ಲಿ ಒಟ್ಟಿಗೆ ಕೂತರು. ನಾನು ಮಾತಾಡಲು ನಿಂತೆ. ೧೯೪೭ರ ಕೊನೆಗೆ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು, ಏಳು ವರ್ಷ ಕಳೆದು ಅಂಗಿಯ ಕಿಸೆಗೆ ಎಂದು ಮಾಡಿದ ನಾಲ್ಕು ಟ್ರಾನ್ಸಿಸ್ಟರಿನ ರೇಡಿಯೋ ಅಂಗಡಿಗೆ ಬಂದದ್ದು, ಅದು ಕಿಸೆಗೆ ದೊಡ್ಡದಾದದ್ದು, ಜಪಾನಿನವರು ಅದನ್ನು ಇನ್ನೂ ಚಿಕ್ಕದು, ಇನ್ನೂ ಅಗ್ಗ ಮಾಡಿ ಜಗತ್ತಿಗೆಲ್ಲ ಕಳಿಸಿದ್ದು, ಒಳಗಿನ ಒಂದು ಸಣ್ಣ ಭಾಗದ ಹೆಸರನ್ನೇ ಜನ ಇಡೀ ಪೆಟ್ಟಿಗೆಗೆ ಇಟ್ಟದ್ದು, ಇಷ್ಟನ್ನೂ ಹೇಳಿದೆ. ಮಕ್ಕಳು ಚೆನ್ನಾಗಿಯೇ ಕೇಳಿದರು. ಚಪ್ಪಾಳೆಯೂ ಆಯಿತು. ಆದರೆ ಆಮೇಲೆ ಅವರೆಲ್ಲ ಮುತ್ತಿಕೊಂಡದ್ದು ದೊಡ್ಡಮ್ಮನನ್ನು. ಬುಟ್ಟಿಯಲ್ಲಿ ಹೇಗೆ ಇಡುತ್ತಿದ್ದಿರಿ ಎಂದು ಒಬ್ಬಳು ಕೇಳಿದಳು. ದೊಡ್ಡಮ್ಮ ಯಾರದೋ ಬ್ಯಾಗನ್ನು ತಲೆಯ ಮೇಲಿಟ್ಟು, ಅದರ ಮೇಲೆ ರೇಡಿಯೋ ಕೂರಿಸಿ, ಕೈ ಬಿಟ್ಟು ನಾಲ್ಕು ಹೆಜ್ಜೆ ನಡೆದು ತೋರಿಸಿದರು. ನಾನು ಎರಡೂ ಕೈ ಚಾಚಿ ಪಕ್ಕದಲ್ಲೇ ನಡೆದೆ. ರೇಡಿಯೋ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಚೀಟಿ ಅವರ ಕಣ್ಣಿಗೆ ಬಿತ್ತು. ಏನು ಬರೆದಿದ್ದೀ, ಓದು ಎಂದರು. ನಾನು ಎಲ್ಲರ ಮರ್ಯಾದೆ ಉಳಿಯುವ ಹಾಗೆ, ಈ ಭಾಗಕ್ಕೆ ಬಂದ ಮೊದಲ ಕೆಲವು ಟ್ರಾನ್ಸಿಸ್ಟರ್‌ಗಳಲ್ಲಿ ಒಂದು ಎಂದು ಬರೆದಿದ್ದೆ. ಓದಿ ಹೇಳಿದೆ.

‘ಕೆಲವು ಯಾಕೆ? ಹೊಡೆದು ಹಾಕು ಅದನ್ನು,’ ಎಂದರು ದೊಡ್ಡಮ್ಮ. ‘ಮೊದಲನೆಯದು ಅಂತ ಬರೆ. ಎರಡು ವರ್ಷ ಲೈಸೆನ್ಸ್ ಇರಲಿಲ್ಲ ಅಂತಲೂ ಬರೆ. ಅದನ್ನು ಬಿಟ್ಟರೆ ಇದು ಸುಳ್ಳಾಗ್ತದೆ.’

ಮಕ್ಕಳೆಲ್ಲ ನೋಡುತ್ತಿದ್ದ ಹಾಗೆ ಮೇಜಿನ ಮೇಲೆ ಬಗ್ಗಿ ಹೊಸ ಚೀಟಿ ಬರೆದು, ಗಟ್ಟಿಯಾಗಿ ಓದಿದೆ. ದೊಡ್ಡಮ್ಮ ತಲೆಯಾಡಿಸಿದರು. ಆಮೇಲೆ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿ, ಬಾಯಮ್ಮನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಓದು ಎಂದರು.

ಬಾಯಮ್ಮನ ಕಿವಿ ನನ್ನ ಕಿವಿಗಿಂತ ಚುರುಕು. ಆದರೂ ಓದಿದೆ.